ಛಾಯಾಗ್ರಹಣ: ಹವ್ಯಾಸಿಗಳ ಸ್ವಂತ ತಯಾರಿಯ ಸಲಕರಣೆಗಳು

ಛಾಯಾಗ್ರಹಣದ ಹವ್ಯಾಸಿಗಳು ತಾವೇ ಮಾಡಿಕೊಳ್ಳುವ, ಅಥವಾ ಊರಿನ ಬಡಗಿ, ಕಮ್ಮಾರ, ಲೇತ್ ಕೆಲಸಗಾರರಿಂದ ಮಾಡಿಸಿಕೊಳ್ಳುವ ಸಲಕರಣೆಗಳು ಬಹಳ. ಸೂಜಿರಂಧ್ರದ ಡಬ್ಬಿ ಕ್ಯಾಮೆರಾ, ಹಳೆಯ ಕ್ಯಾಮೆರಾದ ಲೆನ್ಸಿನಿಂದ ಕಟ್ಟಿದ ಎನ್‌ಲಾರ್ಜರ್, ಹುಳುಗಳ ಚಿತ್ರಕ್ಕೆ ಬೇಕಾದ ಉದ್ದನೆಯ ಕೊಳವೆ, ನಕ್ಷತ್ರಗಳನ್ನು ಹಿಂಬಾಲಿಸುವ ಹಲಗೆ, ಜೋಳ ತುಂಬಿದ ಆನಿಕೆ ಚೀಲ, ಥರ್ಮೋಕೋಲಿನ ಪ್ರತಿಫಲಕ, ಗೋಣಿತಟ್ಟಿನ ಮರೆ ಎಲ್ಲವೂ ಇದರಲ್ಲಿ ಸೇರುತ್ತವೆ. ದುಡ್ಡಿಲ್ಲದವರ ಉಪಾಯಗಳೆಂದು ಇವನ್ನು ಬದಿಗೆ ಸರಿಸುವುದು ರೂಢಿ. ಆ ವಿವರಣೆಯಲ್ಲಿ ಸತ್ಯಾಂಶವಿದೆ, ಆದರೆ ಅದು ಸಾಲದು. ಚೆನ್ನಾಗಿ ಉಳಿದುಬಂದ ಉದಾಹರಣೆಗಳನ್ನು ಪರಿಶೀಲಿಸಿದರೆ, ಸ್ವಂತ ಸಲಕರಣೆ ಹುಟ್ಟುವುದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು ಎಂಬುದು ಕಾಣುತ್ತದೆ. ಮಾರುಕಟ್ಟೆ ಪೂರೈಸದ ಒಂದು ನಿರ್ದಿಷ್ಟ ಬಯಕೆ ಹವ್ಯಾಸಿಗೆ ಇರಬೇಕು. ಲೋಹ, ಮರ, ಗಾಜು ತಿಳಿದ ಕೈಗಳು ಹತ್ತಿರದಲ್ಲಿರಬೇಕು. ಬೇರೆ ಯಂತ್ರದಿಂದ ಬಿಚ್ಚಿ ತಂದ ಒಂದು ಒಳ್ಳೆಯ ಭಾಗವೂ ಇರಬೇಕು. ಮೂರರಲ್ಲಿ ಜನ ಕಡಿಮೆ ಗಮನಿಸಿರುವುದು ಎರಡನೆಯದನ್ನು. ಸಾಂಗಲಿ ಜಿಲ್ಲೆಯ ಮಿರಜ ತಾಲ್ಲೂಕಿನ ಲಿಂಗನೂರಿನಂಥ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಗಡಿಯೂರಿನಲ್ಲಿ ನಿಂತು ನೋಡಿದಾಗ ಅದರ ಮಹತ್ವ ಸ್ಪಷ್ಟವಾಗುತ್ತದೆ.

ಈ ಸೀಮೆಯ ಕಸುಬಿನ ಇತಿಹಾಸವೇ ಒಂದು ಸಾಧನವನ್ನು ಇನ್ನೊಂದಾಗಿ ಮಾರ್ಪಡಿಸಿದ ಇತಿಹಾಸ. ಮಿರಜದ ಶಿಕಲಗಾರರು ಮೊದಲು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆ ವೃತ್ತಿ ಕ್ಷೀಣಿಸಿದಾಗ ಅವರು ತಂಬೂರಿ, ಸಿತಾರುಗಳ ತಯಾರಿಕೆಗೆ ತಿರುಗಿದರು. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದರು, 1910ರಲ್ಲಿ ಈಗಿನ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಇಂದು ಮಿರಜದ ಬಳಿಯ ಕುಪವಾಡದ ಕೈಗಾರಿಕಾ ಪ್ರದೇಶದಲ್ಲೂ ಕೊಲ್ಲಾಪುರದ ಉದ್ಯಮನಗರದಲ್ಲೂ ಸಣ್ಣ ವರ್ಕ್‌ಶಾಪುಗಳಿವೆ. ಒಂದೇ ಒಂದು ತುಂಡನ್ನು ಅಳತೆಗೆ ತಕ್ಕಂತೆ ತಿರುಗಿಸಿ ಕೊಡುವ ಲೇತ್ ಕೆಲಸಗಾರ ಬೇಕೆಂದಾಗ ಹವ್ಯಾಸಿ ದೂರ ಹೋಗಬೇಕಾಗಿಲ್ಲ. ಮಹಾನಗರದಲ್ಲಿ ಕ್ಯಾಮೆರಾ ಅಂಗಡಿಗಳು ಹೆಚ್ಚಿರಬಹುದು, ಆದರೆ ಸಲಕರಣೆ ಕಟ್ಟುವವನಿಗೆ ಈ ನೆರೆಹೊರೆ ಹೆಚ್ಚು ಉಪಯುಕ್ತ.

ಇದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಮಿರಜದ ಪಕ್ಕದ ಕೊಲ್ಲಾಪುರದಲ್ಲಿ ಸಿಗುತ್ತದೆ. ಬಾಬುರಾವ್ ಪೇಂಟರ್ ಎಂದು ಹೆಸರಾದ ಬಾಬುರಾವ್ ಮೇಸ್ತ್ರಿ (1890–1954) ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಚಿತ್ರಕಾರರು. ದಾದಾಸಾಹೇಬ್ ಫಾಲ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ ಬಂದ ಮೇಲೆ ಅವರಿಗೂ ಅವರ ಸೋದರಸಂಬಂಧಿ ಆನಂದರಾವ್ ಪೇಂಟರರಿಗೂ ಚಲಿಸುವ ಚಿತ್ರದ ಹಂಬಲ ಹತ್ತಿತು. ಅವರು ಪ್ರೊಜೆಕ್ಟರ್ ಒಂದನ್ನು ಕೊಂಡು ತಂದು, ಅದರ ಒಳಗನ್ನು ಅಭ್ಯಾಸ ಮಾಡಿ, ಕ್ಯಾಮೆರಾವನ್ನು ತಾವೇ ಕಟ್ಟಲು ಹೊರಟರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಅವರು ಶಿಷ್ಯ ವಿ. ಜಿ. ದಾಮ್ಲೆಯವರ ನೆರವಿನಿಂದ ಕೆಲಸ ಮುಂದುವರಿಸಿ 1918ರಲ್ಲಿ ಆ ಕ್ಯಾಮೆರಾವನ್ನು ಬಳಕೆಗೆ ತಂದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ 1920ರಲ್ಲಿ ತೆರೆಕಂಡಿತು. ಆ ಕಂಪನಿಯಿಂದ ಹೊರಬಂದ ದಾಮ್ಲೆ, ಫತ್ತೇಲಾಲ್, ವಿ. ಶಾಂತಾರಾಮ್ ಮೊದಲಾದವರು 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಸ್ಥಾಪಿಸಿದರು. ಹೀಗೆ ಮರಾಠಿ ಚಿತ್ರರಂಗದ ಒಂದು ಮುಖ್ಯ ಕವಲಿನ ಬುಡದಲ್ಲಿ ಇಬ್ಬರು ಪರದೆಗಾರರ ಸ್ವಂತ ತಯಾರಿಯ ಯಂತ್ರವಿದೆ.

ಅವರು ಪ್ರೊಜೆಕ್ಟರನ್ನೇ ಆರಿಸಿಕೊಂಡದ್ದರಲ್ಲಿ ದೊಡ್ಡ ತಿಳಿವಳಿಕೆ ಇದೆ. ಫಿಲ್ಮನ್ನು ಒಂದು ಚೌಕಟ್ಟಿನಷ್ಟು ಕೆಳಕ್ಕೆ ಎಳೆಯುವುದು, ಕ್ಷಣಕಾಲ ಅಲುಗದಂತೆ ನಿಲ್ಲಿಸುವುದು, ಎಳೆಯುವಾಗ ಬೆಳಕನ್ನು ತಡೆಯುವುದು: ಈ ಮೂರು ಕೆಲಸ ಪ್ರೊಜೆಕ್ಟರಿಗೂ ಕ್ಯಾಮೆರಾಕ್ಕೂ ಸಮಾನ. ಒಂದರಲ್ಲಿ ಬೆಳಕು ಒಳಗಿನಿಂದ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊರಗಿನಿಂದ ಒಳಗೆ ಬರುತ್ತದೆ. ಲ್ಯೂಮಿಯೇರ್ ಸಹೋದರರ 1895ರ ಯಂತ್ರ ಎರಡನ್ನೂ ಮಾಡುತ್ತಿತ್ತು. ಆದ್ದರಿಂದ ಪೇಂಟರ್ ಸೋದರಸಂಬಂಧಿಗಳಿಗೆ ಲೆನ್ಸನ್ನು ಅರೆಯುವ, ಫಿಲ್ಮಿಗೆ ರಾಸಾಯನಿಕ ಲೇಪಿಸುವ ಅಗತ್ಯವಿರಲಿಲ್ಲ. ಅವೆರಡರ ನಡುವಿನ ಭಾಗವನ್ನು ಕಟ್ಟಬೇಕಾಗಿತ್ತು. ಸ್ವಂತ ಸಲಕರಣೆಗಳ ಇಡೀ ಕ್ಷೇತ್ರಕ್ಕೆ ಇದೇ ಗಡಿರೇಖೆ. ಒಳ್ಳೆಯ ಲೆನ್ಸೂ ಬೆಳಕು ಗ್ರಹಿಸುವ ಪದರವೂ ಕಾರ್ಖಾನೆಯ ಸ್ವತ್ತು. ಅವುಗಳ ನಡುವಿನ ಕತ್ತಲೆ, ಅಂತರ, ಸ್ಥಿರತೆ ಮತ್ತು ಕಾಲ ಹವ್ಯಾಸಿಯ ಕೈಗೆ ಎಟುಕುವ ಸಂಗತಿಗಳು. ಜರ್ಮನಿಯ ವೆಟ್ಸ್‌ಲರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ ಓಸ್ಕರ್ ಬಾರ್ನಾಕ್ 1913–14ರ ಹೊತ್ತಿಗೆ ತನಗೆಂದು ಮಾಡಿಕೊಂಡ ಪುಟ್ಟ ಕ್ಯಾಮೆರಾ ಕೂಡ ಇದೇ ಬಗೆಯದು. ಉಬ್ಬಸದ ತೊಂದರೆಯಿದ್ದ ಅವನಿಗೆ ಭಾರವಾದ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಕಷ್ಟವಾಗಿತ್ತು. ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ 24×36 ಮಿಲಿಮೀಟರಿನ ಚೌಕಟ್ಟು ಪಡೆದ. 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದಿನ ‘ಫುಲ್ ಫ್ರೇಮ್’ ಸಂವೇದಕದ ಅಳತೆ ಒಬ್ಬ ಹವ್ಯಾಸಿಯ ದೇಹಸ್ಥಿತಿಯಿಂದ ಬಂದದ್ದು. ಅವನು ಕೆಲಸಮಾಡುತ್ತಿದ್ದದ್ದು ಸೂಕ್ಷ್ಮದರ್ಶಕದ ಕಾರ್ಖಾನೆಯಲ್ಲಿ, ಸುತ್ತ ನುರಿತ ಕೈಗಳ ನಡುವೆ, ಎನ್ನುವುದೂ ನೆನಪಿರಬೇಕು.

ಬಡತನದ ವಿವರಣೆಯನ್ನು ನೇರವಾಗಿ ಅಲುಗಿಸುವ ಇನ್ನೊಂದು ಉದಾಹರಣೆಗೆ ಕರ್ನಾಟಕದ ಸಂಡೂರಿನ ನಂಟಿದೆ. ನಿಸರ್ಗ ಲೇಖಕ ಎಂ. ಕೃಷ್ಣನ್ (1912–1996) 1942ರಲ್ಲಿ ಸಂಡೂರು ಸಂಸ್ಥಾನದ ಕೆಲಸಕ್ಕೆ ಸೇರಿ ಆ ದಶಕದ ಬಹುಭಾಗವನ್ನು ಅಲ್ಲಿನ ಗುಡ್ಡಗಳ ನಡುವೆ ಕಳೆದರು. ಮುಂದೆ ಕಾಡಾನೆಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೆಸರಾದ ಅವರು ಬಳಸುತ್ತಿದ್ದ ಕ್ಯಾಮೆರಾ ಯಾವ ಕಂಪನಿಯ ಪಟ್ಟಿಯಲ್ಲೂ ಇರಲಿಲ್ಲ. ಒಂದು ಕಂಪನಿಯ ದೇಹ, ಇನ್ನೊಂದರ ದೂರದ ಲೆನ್ಸು, ಎರಡನ್ನೂ ಬಂಧಿಸುವ ಸ್ವಂತ ವಿನ್ಯಾಸದ ಜೋಡಣೆಗಳು. ಆ ಭಾರಿ ಯಂತ್ರವನ್ನು ಅವರು ‘ಸೂಪರ್ ಪಾಂಡೆರೋಸಾ’ ಎಂದು ಕರೆಯುತ್ತಿದ್ದರು. ದೊಡ್ಡ ನೆಗೆಟಿವ್, ದೂರದ ಲೆನ್ಸು, ಕಾಲ್ನಡಿಗೆಯಲ್ಲೋ ಆನೆಯ ಬೆನ್ನ ಮೇಲೋ ಕೈಯಲ್ಲೇ ಹಿಡಿದು ತೆಗೆಯಬಹುದಾದ ಜೋಡಣೆ, ಈ ಮೂರನ್ನೂ ಒಟ್ಟಿಗೆ ಬಯಸುವ ಗಿರಾಕಿಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅಷ್ಟು ಜನರಿಗಾಗಿ ಯಾವ ಕಾರ್ಖಾನೆಯೂ ಅಚ್ಚು ಹಾಕುವುದಿಲ್ಲ. ಇಲ್ಲಿ ಕೊರತೆ ಇದ್ದದ್ದು ಕಿಸೆಯಲ್ಲಿ ಎನ್ನುವುದಕ್ಕಿಂತ ಪಟ್ಟಿಯಲ್ಲಿ.

ಹಾಗಿದ್ದರೂ ಕೊರತೆಯ ವಾದವನ್ನು ಸುಲಭವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಬಾಬುರಾವ್ ಕ್ಯಾಮೆರಾ ಕಟ್ಟಿದ್ದು ಮೊದಲ ಮಹಾಯುದ್ಧದ ವರ್ಷಗಳಲ್ಲಿ. ಸ್ವಾತಂತ್ರ್ಯಾನಂತರದ ದಶಕಗಳಲ್ಲೂ ಆಮದಿನ ನಿರ್ಬಂಧಗಳಿಂದಾಗಿ ಭಾರತದ ಹವ್ಯಾಸಿಗೆ ಆಯ್ಕೆ ಕಡಿಮೆಯಿತ್ತು. ಅನೇಕರ ಮೊದಲ ಕ್ಯಾಮೆರಾ 120ರ ಫಿಲ್ಮಿನಲ್ಲಿ ಹನ್ನೆರಡು ಚಿತ್ರ ಕೊಡುವ ಆಗ್ಫಾ ಕ್ಲಿಕ್-3. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ‘ಇಂದು’ ಹೆಸರಿನ ದೇಶೀ ಸಾಮಗ್ರಿ ದೊರೆಯತೊಡಗಿತು. ಆ ಕಾಲದಲ್ಲಿ ಬಚ್ಚಲುಮನೆಯನ್ನೇ ಕತ್ತಲೆ ಕೋಣೆ ಮಾಡಿಕೊಂಡು, ಹಳೆಯ ಮಡಚುವ ಕ್ಯಾಮೆರಾದ ಲೆನ್ಸು, ತಗಡಿನ ಡಬ್ಬಿ, ಹಾಲುಬಣ್ಣದ ಬಲ್ಬು ಕೂಡಿಸಿ ಎನ್‌ಲಾರ್ಜರ್ ಕಟ್ಟಿದವರಿಗೆ ಬೇರೆ ದಾರಿ ಇರಲಿಲ್ಲ ಎನ್ನಬಹುದು. ಡೆವಲಪರನ್ನೂ ಅವರು ತೂಗಿಯೇ ಮಾಡುತ್ತಿದ್ದರು. 1927ರಿಂದ ಬಳಕೆಯಲ್ಲಿರುವ ಡಿ-76 ದ್ರಾವಣದ ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ ಸಾಕು. ಪುಸ್ತಕಗಳು ಹೇಳುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಕೃಷ್ಣಾ ತೀರದ ಏಪ್ರಿಲಿನಲ್ಲಿ ನಲ್ಲಿಯ ನೀರು ಅದಕ್ಕಿಂತ ಬಹಳ ಬಿಸಿ. ಮಣ್ಣಿನ ಗಡಿಗೆಯ ನೀರೋ ಮಂಜುಗಡ್ಡೆಯ ತಟ್ಟೆಯೋ ಇಲ್ಲದಿದ್ದರೆ ಫಿಲ್ಮಿನ ಪದರ ಮೆತ್ತಗಾಗುತ್ತದೆ, ಚಿತ್ರದ ಕಾಳು (ಗ್ರೇನ್) ದಪ್ಪವಾಗುತ್ತದೆ.

ಕೊರತೆಯೊಂದೇ ಕಾರಣವಾಗಿದ್ದರೆ ಆಮದು ಸಡಿಲಗೊಂಡು ಡಿಜಿಟಲ್ ಕ್ಯಾಮೆರಾ ಎಲ್ಲೆಡೆ ಬಂದ ಮೇಲೆ ಈ ಚಟುವಟಿಕೆ ನಿಂತುಹೋಗಬೇಕಿತ್ತು. ಆದದ್ದು ಬೇರೆ. ಎನ್‌ಲಾರ್ಜರ್ ಕಟ್ಟುವುದು ನಿಂತಿತು, ನಿಜ. ಅದರ ಜಾಗಕ್ಕೆ ಹೊಸ ಬಯಕೆಗಳು ಬಂದವು. ಅಂಗಡಿಯಲ್ಲಿ ಡೆವಲಪರ್ ಸುಲಭವಾಗಿ ಸಿಗುತ್ತಿದ್ದ ಅಮೆರಿಕದ ರೋಚೆಸ್ಟರಿನಲ್ಲೇ, ಕೊಡಕ್ ಕಂಪನಿಯ ಊರಿನಲ್ಲೇ, 1995ರಲ್ಲಿ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಪುಡಿ ಮತ್ತು ಕ್ಷಾರದಿಂದ ಫಿಲ್ಮ್ ತೊಳೆಯುವ ‘ಕೆಫಿನಾಲ್’ ವಿಧಾನವನ್ನು ರೂಪಿಸಿದರು. 2001ರಿಂದ ಏಪ್ರಿಲ್ ತಿಂಗಳ ಕೊನೆಯ ಭಾನುವಾರ ಸೂಜಿರಂಧ್ರ ಛಾಯಾಗ್ರಹಣದ ವಿಶ್ವದಿನ ನಡೆಯುತ್ತಿದೆ. ಸೂಜಿರಂಧ್ರದ ಡಬ್ಬಿಯ ಲೆಕ್ಕ ಸರಳ: ರಂಧ್ರದಿಂದ ಕಾಗದಕ್ಕೆ 100 ಮಿಲಿಮೀಟರ್ ಅಂತರವಿದ್ದರೆ ರಂಧ್ರದ ವ್ಯಾಸ ಸುಮಾರು 0.45 ಮಿಲಿಮೀಟರ್ ಇರಬೇಕು. ಅದಕ್ಕಿಂತ ದೊಡ್ಡದಾದರೆ ಚಿತ್ರ ಮಸುಕು, ಸಣ್ಣದಾದರೆ ಬೆಳಕು ಅಂಚಿನಲ್ಲಿ ಬಾಗಿ ಮತ್ತೆ ಮಸುಕು. ಬ್ರೋಮೈಡ್ ಕಾಗದ ಹಾಕಿದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ನಿಮಿಷದ ಬೆಳಕು ಬೇಕು. ಮೊಬೈಲು ಕಿಸೆಯಲ್ಲಿರುವ ಶಾಲಾ ಮಕ್ಕಳು ಈ ಡಬ್ಬಿಯನ್ನು ಮಾಡುವುದು ಕ್ಯಾಮೆರಾ ಇಲ್ಲವೆಂದಲ್ಲ. ಚಿತ್ರ ಹೇಗೆ ಮೂಡುತ್ತದೆಂದು ಮೊಬೈಲು ತೋರಿಸುವುದಿಲ್ಲ, ಡಬ್ಬಿ ತೋರಿಸುತ್ತದೆ.

ಸ್ಥಳಕ್ಕೆ ತಕ್ಕ ಸಲಕರಣೆಯನ್ನು ಸ್ಥಳದಲ್ಲೇ ಮಾಡಿಕೊಳ್ಳಬೇಕೆಂಬುದಕ್ಕೆ ನಕ್ಷತ್ರಗಳ ಛಾಯಾಗ್ರಹಣದಷ್ಟು ಸ್ಪಷ್ಟ ನಿದರ್ಶನ ಬೇರೆ ಇಲ್ಲ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ, ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಮಿಲಿಮೀಟರಿನ ಲೆನ್ಸು ಹಾಕಿ ಅಲುಗದ ಮುಕ್ಕಾಲಿಯ ಮೇಲಿಟ್ಟರೆ ಹತ್ತು ಸೆಕೆಂಡಿನೊಳಗೆ ನಕ್ಷತ್ರಗಳು ಗೆರೆಯಾಗತೊಡಗುತ್ತವೆ. ಸ್ಕಾಟ್ಲೆಂಡಿನ ಜಿ. ವೈ. ಹೇಗ್ 1970ರ ದಶಕದಲ್ಲಿ ಪ್ರಕಟಿಸಿದ ಪರಿಹಾರ ಅದ್ಭುತವಾದದ್ದು. ಎರಡು ಹಲಗೆಗಳನ್ನು ಬಾಗಿಲಿನ ಕೀಲಿನಿಂದ ಜೋಡಿಸಬೇಕು, ಕೀಲನ್ನು ಧ್ರುವನಕ್ಷತ್ರದ ಕಡೆಗೆ ಗುರಿಯಿಡಬೇಕು, ಕ್ಯಾಮೆರಾ ಹೊತ್ತ ಹಲಗೆಯನ್ನು ಒಂದು ತಿರುಪಿನಿಂದ ನಿಧಾನವಾಗಿ ಮೇಲೆತ್ತಬೇಕು. ತಿರುಪಿನ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುವ ಆರು ಮಿಲಿಮೀಟರಿನ ಬೋಲ್ಟಾದರೆ, ಅದನ್ನು ಕೀಲಿನಿಂದ 228.6 ಮಿಲಿಮೀಟರ್ ದೂರದಲ್ಲಿ ಕೂರಿಸಿ ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದಾಗ ಹಲಗೆ ಆಕಾಶದ ವೇಗಕ್ಕೇ ತೆರೆದುಕೊಳ್ಳುತ್ತದೆ. ಮುಕ್ಕಾಲಿಗಳಲ್ಲಿ ಬಳಸುವ ಕಾಲಿಂಚಿನ, ಇಂಚಿಗೆ ಇಪ್ಪತ್ತು ಸುತ್ತಿನ ಬೋಲ್ಟಾದರೆ ಈ ದೂರ 290 ಮಿಲಿಮೀಟರ್. ಸಾಮಾನ್ಯ ಲೆನ್ಸಿಗೆ ಐದರಿಂದ ಹತ್ತು ನಿಮಿಷದ ಚಿತ್ರ ಇದರಿಂದ ಚೆನ್ನಾಗಿಯೇ ಬರುತ್ತದೆ.

ಇಲ್ಲಿ ಅಕ್ಷಾಂಶದ ಪ್ರಶ್ನೆ ಬರುತ್ತದೆ. ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೋ ಅದೇ ಊರಿನ ಅಕ್ಷಾಂಶ. ಸ್ಕಾಟ್ಲೆಂಡಿನ ಬಹುಭಾಗದಲ್ಲಿ ಅದು 55 ಡಿಗ್ರಿಗೂ ಮೇಲೆ. ಮಿರಜ, ಲಿಂಗನೂರುಗಳಲ್ಲಿ 17 ಡಿಗ್ರಿಗಿಂತ ತುಸು ಕಡಿಮೆ. ಪಾಶ್ಚಾತ್ಯ ನಕಾಶೆಯನ್ನು ಕಣ್ಣುಮುಚ್ಚಿ ನಕಲು ಮಾಡಿದವನ ಹಲಗೆ ಇಲ್ಲಿ ಕೆಲಸ ಮಾಡದು. ಕೀಲು ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಮಲಗುತ್ತದೆ, ಅದರ ಕೆಳಗೆ 17 ಡಿಗ್ರಿಯ ಓರೆ ದಿಮ್ಮಿ ಬೇಕಾಗುತ್ತದೆ, ಕ್ಯಾಮೆರಾದ ಭಾರ ಒಂದು ಬದಿಗೆ ವಾಲುವುದರಿಂದ ಕೀಲು ಉದ್ದವಾಗಿಯೂ ಬಿಗಿಯಾಗಿಯೂ ಇರಬೇಕಾಗುತ್ತದೆ. ಉತ್ತರಕ್ಕೆ ಮರವೋ ಮಹಡಿಯೋ ಅಡ್ಡವಾದರೆ ಧ್ರುವನಕ್ಷತ್ರ ಕಾಣುವುದೇ ಇಲ್ಲ, ದಿಕ್ಸೂಚಿಯನ್ನು ನೆಚ್ಚಬೇಕು. ಈ ತಿದ್ದುಪಡಿಗಳನ್ನು ಮಾಡಬಲ್ಲವನು ಊರಿನ ಬಡಗಿ. ಅವನಿಗೆ ಖಗೋಳ ಗೊತ್ತಿರಬೇಕಾಗಿಲ್ಲ, ಓರೆ ಕೊಯ್ಯುವುದು ಗೊತ್ತಿದ್ದರೆ ಆಯಿತು.

ಕಡಿಮೆ ದೂರದ ಛಾಯಾಗ್ರಹಣದಲ್ಲೂ ಸ್ಥಳದ ಪ್ರಭಾವ ಕಾಣುತ್ತದೆ. ತಾಸಗಾಂವ, ಮಿರಜ ಕಡೆಯ ದ್ರಾಕ್ಷಿತೋಟಗಳಲ್ಲಿ ಹಿಟ್ಟುತಿಗಣೆ, ನುಸಿ, ಬೂಜುರೋಗಗಳನ್ನು ಎಲೆಯ ಹಿಂಬದಿಯಲ್ಲಿ ಮೊದಲ ಹಂತದಲ್ಲೇ ಗುರುತಿಸುವುದು ಮುಖ್ಯ. 50 ಮಿಲಿಮೀಟರಿನ ಲೆನ್ಸು ಮತ್ತು ಕ್ಯಾಮೆರಾದ ನಡುವೆ ಅಷ್ಟೇ ಉದ್ದದ ಕೊಳವೆ ಸೇರಿಸಿದರೆ ವಸ್ತು ಅದರ ನಿಜ ಅಳತೆಯಲ್ಲೇ ಸಂವೇದಕದ ಮೇಲೆ ಬೀಳುತ್ತದೆ. ಬೆಳಕು ಮಾತ್ರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಬಿಳಿ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿದ ಸಣ್ಣ ಫ್ಲ್ಯಾಶ್ ಬೇಕಾಗುತ್ತದೆ. ಲೇತಿನಲ್ಲಿ ತಿರುಗಿಸಿದ ಪಿವಿಸಿ ಕೊಳವೆಯ ಒಳಗೆ ಕಪ್ಪು ಮಖಮಲ್ ಅಂಟಿಸಿದರೆ ಕೊಳವೆ ಸಿದ್ಧ. ಮನು ಪ್ರಕಾಶ್ ಅವರ ತಂಡ ಸ್ಟ್ಯಾನ್‌ಫೋರ್ಡಿನಲ್ಲಿ ರೂಪಿಸಿ 2014ರಲ್ಲಿ ಲೋಕದ ಮುಂದಿಟ್ಟ ಕಾಗದದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ. ಅದನ್ನು ಮೊಬೈಲಿಗೆ ಅಂಟಿಸಿ ಚಿತ್ರ ತೆಗೆಯಬಹುದು.

ಕೊರತೆಯ ವಾದದ ಬಳಿಕ ಬರುವ ಎರಡನೆಯ ಆಕ್ಷೇಪ ಗುಣಮಟ್ಟದ್ದು: ಕೈಯಿಂದ ಮಾಡಿದ್ದು ಕಾರ್ಖಾನೆಯದರ ಸಮಕ್ಕೆ ಬರುವುದಿಲ್ಲ, ಆ ಶ್ರಮವನ್ನು ಚಿತ್ರ ತೆಗೆಯುವುದಕ್ಕೇ ಬಳಸಬಾರದೇ? ಲೆನ್ಸಿನ ಮಟ್ಟಿಗೆ ಈ ಆಕ್ಷೇಪ ಸರಿ. ಕೀಲು, ಕೊಳವೆ, ಹಲಗೆಗಳ ಮಟ್ಟಿಗೆ ಸರಿಯಲ್ಲ, ಏಕೆಂದರೆ ಅಲ್ಲಿ ಬೇಕಾದದ್ದು ಮೈಕ್ರಾನಿನ ನಿಖರತೆಯಲ್ಲ, ಅಲುಗದಿರುವುದು ಮತ್ತು ಬೆಳಕು ಸೋರದಿರುವುದು. ಇದಕ್ಕಿಂತ ಗಂಭೀರವಾದ ಮಾತು ಬೇರೆ ಇದೆ. ಸ್ವಂತ ತಯಾರಿಯೆಂಬ ಒಂದೇ ಕಾರಣಕ್ಕೆ ಸಾಧನವನ್ನೋ ಚಿತ್ರವನ್ನೋ ಹೊಗಳುವ ಪ್ರವೃತ್ತಿ ಅಪಾಯಕರ. ಚೆಕ್ ನಾಡಿನ ಮಿರೋಸ್ಲಾವ್ ತಿಖಿ (1926–2011) ರಟ್ಟು, ತಗಡುಗಳಿಂದ ಕ್ಯಾಮೆರಾ ಕಟ್ಟಿ, ಪ್ಲೆಕ್ಸಿಗ್ಲಾಸನ್ನು ಹಲ್ಲುಜ್ಜುವ ಪೇಸ್ಟು ಮತ್ತು ಬೂದಿಯಿಂದ ಉಜ್ಜಿ ಲೆನ್ಸು ಮಾಡಿಕೊಂಡ. ಕೈಚಳಕ ಅಸಾಧಾರಣ. ಆದರೆ ಆ ಕ್ಯಾಮೆರಾದಿಂದ ಅವನು ತೆಗೆದದ್ದು ಬಹುಪಾಲು ತನ್ನ ಊರಿನ ಹೆಂಗಸರ ಚಿತ್ರಗಳನ್ನು, ಅವರಿಗೆ ತಿಳಿಯದಂತೆ. ಸಾಧನದ ಬಡತನ ಆ ಕೃತ್ಯವನ್ನು ಶುದ್ಧಗೊಳಿಸುವುದಿಲ್ಲ. ಹಕ್ಕಿಗಳ ಚಿತ್ರಕ್ಕೆ ಕಟ್ಟುವ ಮರೆಗೂ ಇದೇ ನ್ಯಾಯ. ಗೋಣಿತಟ್ಟು, ಜೋಳದ ಕಣಿಕೆಗಳಿಂದ ಮಾಡಿದ ಮರೆ ನೀರಿನ ಗುಂಡಿಯ ಬಳಿ ಹಕ್ಕಿಗೆ ತೊಂದರೆ ಕೊಡುವುದಿಲ್ಲ. ಗೂಡಿನ ಮುಂದೆ ಕಟ್ಟಿದರೆ ತಾಯಿಹಕ್ಕಿ ಗೂಡನ್ನೇ ತೊರೆಯಬಹುದು. ಸಾಂಗಲಿ ಜಿಲ್ಲೆಯ ಸಾಗರೇಶ್ವರದಂಥ ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನ್ವಯಿಸುವುದರಿಂದ ಅನುಮತಿಯಿಲ್ಲದೆ ಮರೆ ಕಟ್ಟುವಂತಿಲ್ಲ.

ಕೈಕೆಲಸ ನಿಲ್ಲಿಸಬೇಕಾದ ಜಾಗಗಳೂ ಇವೆ. ಹಳೆಯ ಫ್ಲ್ಯಾಶಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನಷ್ಟು ವಿದ್ಯುತ್ತು ಬ್ಯಾಟರಿ ತೆಗೆದ ಮೇಲೂ ಉಳಿದಿರುತ್ತದೆ. ಅದನ್ನು ಬಿಚ್ಚುವುದು ತಿಳಿದವರ ಕೆಲಸ. ಸೂರ್ಯನ ಚಿತ್ರಕ್ಕೆ ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ಸಿ.ಡಿ. ತಟ್ಟೆಗಳನ್ನು ಬಳಸಲೇಬಾರದು, ಏಕೆಂದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಅವುಗಳ ಮೂಲಕ ನುಸುಳಬಲ್ಲದು. 2019ರ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರುಗಳಲ್ಲಿ ಕಂಕಣ ಗ್ರಹಣ ಕಂಡಂಥ ಸಂದರ್ಭಗಳಲ್ಲಿ ಮನೆಯಲ್ಲಿ ಮಾಡಬಹುದಾದ ಸುರಕ್ಷಿತ ಸಾಧನ ರಟ್ಟಿನ ಸೂಜಿರಂಧ್ರ. ಸೂರ್ಯನಿಗೆ ಬೆನ್ನು ಮಾಡಿ, ಬಿಂಬವನ್ನು ಕಾಗದದ ಮೇಲೆ ಬೀಳಿಸಿ, ಆ ಬಿಂಬದ ಚಿತ್ರ ತೆಗೆಯಬೇಕು.

ಗಡಿಸೀಮೆಯ ಹವ್ಯಾಸಿಗೆ ಈಗ ಹೆಚ್ಚು ಅರ್ಥಪೂರ್ಣವಾಗಬಹುದಾದ ಯೋಜನೆ ಹಳೆಯ ಕಾಗದಪತ್ರಗಳ ಪ್ರತಿ ತೆಗೆಯುವ ಸ್ಟ್ಯಾಂಡು. ಈ ಭಾಗದ ಮನೆಗಳ ಪೆಟ್ಟಿಗೆಗಳಲ್ಲಿ ಮರಾಠಿಯ ಮೋಡಿ ಲಿಪಿಯ ಕಾಗದಗಳು, ಕನ್ನಡದ ಕೈಬರಹದ ಹಾಡು-ಬಯಲಾಟದ ಪುಸ್ತಕಗಳು, ಮದುವೆಯ ನೆಗೆಟಿವುಗಳು ಗೆದ್ದಲು ಮತ್ತು ತೇವಕ್ಕೆ ಸಿಕ್ಕಿ ಹಾಳಾಗುತ್ತಿವೆ. ಸ್ಟುಡಿಯೋಗಳು ಮೂಲೆಗೆ ಸೇರಿಸಿದ ಎನ್‌ಲಾರ್ಜರಿನ ಕಂಬವೇ ಇದಕ್ಕೆ ಒದಗುತ್ತದೆ. ದೀಪದ ತಲೆಯನ್ನು ತೆಗೆದು, ಲೇತಿನವನಿಂದ ಕಾಲಿಂಚಿನ ಬೋಲ್ಟಿನ ಒಂದು ತೋಳು ಮಾಡಿಸಿ, ಕ್ಯಾಮೆರಾವನ್ನು ಕೆಳಮುಖವಾಗಿ ತೂಗುಹಾಕಬೇಕು. ಎರಡು ಬದಿಗಳಲ್ಲಿ 45 ಡಿಗ್ರಿಯ ಓರೆಯಲ್ಲಿ ಒಂದೇ ಬಗೆಯ ಎರಡು ಎಲ್‌ಇಡಿ ದೀಪಗಳಿದ್ದರೆ ಕಾಗದದ ಮೇಲೆ ಹೊಳಪು ಬೀಳುವುದಿಲ್ಲ. ನೆಗೆಟಿವಿಗಾದರೆ ಬೆಳಕು ಕೆಳಗಿನಿಂದ ಬರಬೇಕು. ಮೊಬೈಲಿನ ಬಿಳಿ ಪರದೆಯನ್ನು ನೇರವಾಗಿ ಬಳಸಿದರೆ ಅದರ ಚುಕ್ಕಿಗಳು ಚಿತ್ರದಲ್ಲಿ ಮೂಡುತ್ತವೆ, ಆದ್ದರಿಂದ ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯಿಟ್ಟು ನೆಗೆಟಿವನ್ನು ಪರದೆಯಿಂದ ಕೆಲವು ಸೆಂಟಿಮೀಟರ್ ಮೇಲಕ್ಕೆ ಎತ್ತಬೇಕು. ಕ್ಯಾಮೆರಾ ಮತ್ತು ಹಲಗೆ ಸಮಾನಾಂತರವಾಗಿವೆಯೇ ಎಂದು ನೋಡಲು ಮಟ್ಟಗೋಲಿಗಿಂತ ಒಂದು ಚಿಕ್ಕ ಕನ್ನಡಿ ನಂಬಲರ್ಹ. ಕನ್ನಡಿಯನ್ನು ಹಲಗೆಯ ಮೇಲೆ ಮಲಗಿಸಿ ಕ್ಯಾಮೆರಾದ ಪರದೆಯಲ್ಲಿ ನೋಡಿದಾಗ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಾಣಬೇಕು. ಬದಿಗೆ ಸರಿದಿದ್ದರೆ ತೋಳಿನ ಕೆಳಗೆ ತೆಳು ತಗಡಿನ ತುಂಡು ಸೇರಿಸಿ ಸರಿಪಡಿಸಿಕೊಂಡು ಆಮೇಲೆ ಮೊದಲ ಪುಟವನ್ನು ಇಡಬೇಕು.